ಮೌನವು ಮರ್ಯಾದೆಯೋ, ನಿರ್ಲಕ್ಷ್ಯವೋ?

ನಮ್ಮ ಮನೆಗಳಲ್ಲಿ ಹೆಣ್ಣುಮಗಳೊಬ್ಬಳು ದೊಡ್ಡವಳಾದರೆ ಅದೊಂದು ಸುದ್ದಿ. ಕೆಲವು ಕಡೆ ಆರತಿ ಎತ್ತುತ್ತಾರೆ, ಸೋದರಮಾವ ಹೊಸ ಸೀರೆ ತರುತ್ತಾನೆ, ಕೊಬ್ಬರಿ-ಬೆಲ್ಲ ತಿನ್ನಿಸುತ್ತಾರೆ. ಇಂತಹ ಆಚರಣೆಯಿಲ್ಲದ ಮನೆಗಳಲ್ಲೂ ತಾಯಿ ಮಗಳನ್ನು ಪಕ್ಕಕ್ಕೆ ಕರೆದು ನಾಲ್ಕು ಮಾತು ಹೇಳಿಯೇ ಹೇಳುತ್ತಾಳೆ. ಆ ಗಳಿಗೆಗೆ ಕನ್ನಡದಲ್ಲಿ ಎಷ್ಟೊಂದು ಪದಗಳಿವೆ: ಮೈನೆರೆದಳು, ದೊಡ್ಡವಳಾದಳು, ಋತುಮತಿಯಾದಳು. ಅದೇ ಹೆಣ್ಣುಮಗಳಿಗೆ ಮೂವತ್ತು-ಮೂವತ್ತೈದು ವರ್ಷಗಳ ನಂತರ ಮುಟ್ಟು ನಿಂತಾಗ ಅದು ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕಿರುವ ಮಾತೂ ಒಂದೇ: ‘ನಿಂತಿತು’. ಪುಸ್ತಕದಲ್ಲಿ ‘ಋತುಬಂಧ’ ಎಂಬ ಪದವಿದೆ, ನಿಜ. ಆದರೆ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಾ ನೆರೆಮನೆಯವಳೊಡನೆ ಮಾತನಾಡುವ ಹೆಂಗಸು ಆ ಪದವನ್ನು ಬಳಸುವುದಿಲ್ಲ. ಆಕೆ ಬಳಸುವ ಪದ ನಮ್ಮ ಪತ್ರಿಕೆಗಳಲ್ಲಿ ಅಚ್ಚಾಗುವುದಿಲ್ಲ.

ಈ ಮೌನಕ್ಕೆ ನಾವು ಒಂದು ಗೌರವದ ಹೆಸರನ್ನು ಕೊಟ್ಟಿದ್ದೇವೆ. ಅದನ್ನು ಮರ್ಯಾದೆ ಎನ್ನುತ್ತೇವೆ, ಲಜ್ಜೆ ಎನ್ನುತ್ತೇವೆ. ಮನೆಯ ಹಿರಿಯ ಹೆಣ್ಣು ತನ್ನ ದೇಹದ ಕುರಿತು ಮಾತನಾಡದಿರುವುದು ಸಭ್ಯತೆಯ ಲಕ್ಷಣವೆಂದು ನಂಬಿದ್ದೇವೆ. ಆದರೆ ಒಂದು ಪ್ರಶ್ನೆಯನ್ನು ಕೇಳಲೇಬೇಕಾಗಿದೆ. ಈ ಮೌನದಿಂದ ಯಾರ ಮರ್ಯಾದೆ ಉಳಿಯುತ್ತದೆ, ಯಾರಿಗೆ ಅನುಕೂಲವಾಗುತ್ತದೆ, ಅದರ ಬೆಲೆಯನ್ನು ಯಾರು ತೆರುತ್ತಾರೆ?

ಮೊದಲು ವಿಷಯವೇನೆಂದು ಸ್ಪಷ್ಟವಾಗಿ ತಿಳಿದುಕೊಳ್ಳೋಣ. ಸತತ ಹನ್ನೆರಡು ತಿಂಗಳು ಮುಟ್ಟಾಗದಿದ್ದರೆ ಮುಟ್ಟು ನಿಂತಿದೆಯೆಂದು ವೈದ್ಯರು ಹೇಳುತ್ತಾರೆ. ಪಾಶ್ಚಾತ್ಯ ದೇಶಗಳಲ್ಲಿ ಇದು ಸರಾಸರಿ 51ನೇ ವಯಸ್ಸಿಗೆ ಆದರೆ ಭಾರತದ ಮಹಿಳೆಯರಲ್ಲಿ 46-47ರ ಆಸುಪಾಸಿಗೇ ಆಗುತ್ತದೆ. ಆದರೆ ಅದು ಒಂದು ದಿನದಲ್ಲಿ ನಡೆಯುವ ಘಟನೆಯಲ್ಲ. ಅದಕ್ಕೆ ಹಲವು ವರ್ಷ ಮೊದಲೇ ಅಂಡಾಶಯಗಳು ತಾಳ ತಪ್ಪತೊಡಗುತ್ತವೆ. ಈಸ್ಟ್ರೋಜೆನ್ ಎಂಬ ಹಾರ್ಮೋನು ಒಮ್ಮೆ ಏರಿ ಒಮ್ಮೆ ಇಳಿದು, ಕೊನೆಗೆ ಕೆಳಮಟ್ಟದಲ್ಲಿ ನಿಲ್ಲುತ್ತದೆ. ಮಿದುಳಿನಲ್ಲಿ ದೇಹದ ಶಾಖವನ್ನು ಕಾಯುವ ಭಾಗ ಆಗ ಅತಿ ಸೂಕ್ಷ್ಮವಾಗುತ್ತದೆ. ಸ್ವಲ್ಪ ಸೆಕೆಯಾದರೂ ಬೆಂಕಿ ಬಿದ್ದಂತೆ ಅದು ವರ್ತಿಸುತ್ತದೆ. ಎದೆಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಮುಖಕ್ಕೆ ಒಮ್ಮೆಲೇ ಬಿಸಿ ಏರುತ್ತದೆ, ಬೆವರು ಹರಿಯುತ್ತದೆ, ಕೆಲವೇ ನಿಮಿಷಗಳಲ್ಲಿ ಇಳಿದು ಮೈ ತಣ್ಣಗಾಗುತ್ತದೆ. ರಾತ್ರಿ ಹೀಗಾದರೆ ನಿದ್ದೆ ಕೆಡುತ್ತದೆ. ನಿದ್ದೆ ಕೆಟ್ಟವಳು ಹಗಲಿನಲ್ಲಿ ಸಿಡುಕುತ್ತಾಳೆ, ಮರೆಯುತ್ತಾಳೆ, ಅಳುತ್ತಾಳೆ. ಮನೆಯವರು ಅದನ್ನು ಆಕೆಯ ಸ್ವಭಾವವೆಂದು ತಿಳಿಯುತ್ತಾರೆ.

ಇದೆಲ್ಲ ನಾಲ್ಕು ದಿನದ ತೊಂದರೆ ಎಂಬ ತಿಳುವಳಿಕೆಯೂ ತಪ್ಪು. ಅಮೆರಿಕದಲ್ಲಿ ಸಾವಿರಾರು ಮಹಿಳೆಯರನ್ನು ವರ್ಷಾನುಗಟ್ಟಲೆ ಹಿಂಬಾಲಿಸಿದ ಒಂದು ಅಧ್ಯಯನದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಮೈಬಿಸಿಯ ತೊಂದರೆ ಪದೇ ಪದೇ ಕಾಣಿಸಿಕೊಂಡ ಮಹಿಳೆಯರಲ್ಲಿ ಅದು ಉಳಿದ ಅವಧಿಯ ಮಧ್ಯಮ ಪ್ರಮಾಣ ಏಳು ವರ್ಷಕ್ಕೂ ಹೆಚ್ಚು ಎಂದು ಅದು ತೋರಿಸಿತು. ಮಗಳ ಮದುವೆ, ಮಗನ ಕೆಲಸ, ಅತ್ತೆ-ಮಾವನ ಕೊನೆಗಾಲದ ಆರೈಕೆ ಎಲ್ಲವೂ ಆಕೆಯ ಹೆಗಲಿಗೆ ಬೀಳುವುದು ಇದೇ ಏಳೆಂಟು ವರ್ಷಗಳಲ್ಲಿ ಎಂಬುದನ್ನು ಗಮನಿಸಬೇಕು.

ಮೈಬಿಸಿ, ನಿದ್ದೆಗೇಡುಗಳ ಬಗ್ಗೆಯಾದರೂ ಕೆಲವು ಹೆಂಗಸರು ತಮ್ಮ ತಮ್ಮಲ್ಲಿ ಮಾತನಾಡಿಕೊಳ್ಳುತ್ತಾರೆ. ಆದರೆ ಇನ್ನೊಂದು ತೊಂದರೆಯಿದೆ. ಅದು ಅಕ್ಕತಂಗಿಯರ ನಡುವೆಯೂ ಬಾಯಿಗೆ ಬರುವುದಿಲ್ಲ. ಈಸ್ಟ್ರೋಜೆನ್ ಇಳಿದಂತೆ ಯೋನಿಯ ಒಳಪದರ ತೆಳುವಾಗುತ್ತದೆ, ಒಣಗುತ್ತದೆ. ಉರಿ, ತುರಿಕೆ, ಮೇಲಿಂದ ಮೇಲೆ ಮೂತ್ರದ ಸೋಂಕು ಕಾಣಿಸಿಕೊಳ್ಳುತ್ತವೆ. ದಾಂಪತ್ಯದ ಸಂಗವು ನೋವಾಗಿ ಪರಿಣಮಿಸುತ್ತದೆ. ಮೈಬಿಸಿಯಾದರೂ ವರ್ಷಗಳು ಕಳೆದಂತೆ ತಗ್ಗುತ್ತದೆ. ಇದು ಚಿಕಿತ್ಸೆಯಿಲ್ಲದೆ ತಗ್ಗುವುದಿಲ್ಲ, ಸಾಮಾನ್ಯವಾಗಿ ಹೆಚ್ಚುತ್ತಲೇ ಹೋಗುತ್ತದೆ.

ಇಲ್ಲಿಂದ ಒಂದು ಮೌನದ ಸಂಸಾರ ಶುರುವಾಗುತ್ತದೆ. ಹೆಂಡತಿಗೆ ನೋವು. ಹೇಳಲು ನಾಚಿಕೆ. ಆದ್ದರಿಂದ ಆಕೆ ತಪ್ಪಿಸಿಕೊಳ್ಳುತ್ತಾಳೆ. ತಲೆನೋವೆನ್ನುತ್ತಾಳೆ, ಅಡುಗೆಮನೆಯ ಕೆಲಸ ಮುಗಿದಿಲ್ಲವೆನ್ನುತ್ತಾಳೆ, ಮೊಮ್ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಳ್ಳುತ್ತಾಳೆ. ಗಂಡನಿಗೆ ಕಾರಣ ಗೊತ್ತಿಲ್ಲ, ಕೇಳಲು ಅವನಿಗೂ ಬಾಯಿಲ್ಲ. ಹೆಂಡತಿಗೆ ತನ್ನ ಮೇಲೆ ಪ್ರೀತಿ ಹೋಗಿದೆ ಎಂದುಕೊಳ್ಳುತ್ತಾನೆ. ಇಲ್ಲವೇ ಆಕೆ ಕರ್ತವ್ಯವೆಂದುಕೊಂಡು ಹಲ್ಲುಕಚ್ಚಿ ಸಹಿಸುತ್ತಾಳೆ. ಆತನಿಗೆ ಅದು ತಿಳಿಯುವುದೇ ಇಲ್ಲ. ಎರಡೂ ಸಂದರ್ಭಗಳಲ್ಲಿ ಇಪ್ಪತ್ತೈದು ವರ್ಷ ಒಂದೇ ಸೂರಿನಡಿ ಬಾಳಿದ ಇಬ್ಬರು ಪರಸ್ಪರ ಅಪರಿಚಿತರಾಗುತ್ತಾರೆ. ಇಬ್ಬರಲ್ಲಿ ಯಾರೂ ದುಷ್ಟರಲ್ಲ. ಒಂದು ವಾಕ್ಯದ ಕೊರತೆಯಿಂದ ಇಷ್ಟೆಲ್ಲ ಆಗುತ್ತದೆ. ಆ ನೋವಿಗೆ ಸರಳ ಪರಿಹಾರಗಳಿವೆ ಎಂಬುದು ಇದರಲ್ಲಿರುವ ದೊಡ್ಡ ದುರಂತ. ಜಾರುವಿಕೆಗೆ ಹಚ್ಚುವ ಜೆಲ್‌ಗಳಿವೆ, ತೇವಾಂಶ ಉಳಿಸುವ ಮುಲಾಮುಗಳಿವೆ, ವೈದ್ಯರ ಸಲಹೆಯ ಮೇರೆಗೆ ಅಲ್ಲಿಗೇ ಹಚ್ಚುವ ಅಲ್ಪ ಪ್ರಮಾಣದ ಈಸ್ಟ್ರೋಜೆನ್ ಕ್ರೀಮ್ ಇದೆ. ಆ ಕ್ರೀಮಿನ ಅಂಶ ರಕ್ತಕ್ಕೆ ಸೇರುವುದು ಅತ್ಯಲ್ಪ.

ಹಾಗಾದರೆ ಎಲ್ಲವನ್ನೂ ಎಲ್ಲರೆದುರೂ ಹೇಳಬೇಕೇ? ಲಜ್ಜೆಗೆ ಬೆಲೆಯೇ ಇಲ್ಲವೇ? ಓದುಗರಲ್ಲಿ ಈ ಪ್ರಶ್ನೆ ಏಳುವುದು ಸಹಜ. ದೇಹದ ಸಂಗತಿಗಳನ್ನು ಸಂತೆಯಲ್ಲಿ ಹರಡುವುದನ್ನು ಸ್ವಾತಂತ್ರ್ಯವೆಂದು ನಾವೂ ಒಪ್ಪುವುದಿಲ್ಲ. ಮನುಷ್ಯನಿಗೆ ಒಂದು ಒಳಕೋಣೆ ಬೇಕು. ಆದರೆ ಗುಟ್ಟು ಬೇರೆ, ಮೌನ ಬೇರೆ. ನಾನು ಹೇಳಬಲ್ಲೆ, ಆದರೆ ಹೇಳದಿರಲು ನಿರ್ಧರಿಸಿದ್ದೇನೆ ಎಂದಾದರೆ ಅದು ಗುಟ್ಟು. ಅದರ ಬೀಗದ ಕೈ ನನ್ನಲ್ಲಿದೆ. ಹೇಳಬೇಕೆಂದಿದ್ದೇನೆ, ಆದರೆ ಕೇಳುವವರಿಲ್ಲ, ಕೇಳಿದರೂ ನಗುತ್ತಾರೆ ಅಥವಾ ತಪ್ಪು ತಿಳಿಯುತ್ತಾರೆ ಎಂದಾದರೆ ಅದು ಮೌನ. ಅದರ ಬೀಗದ ಕೈ ಇತರರ ಬಳಿ ಇದೆ. ಗುಟ್ಟು ವ್ಯಕ್ತಿಯ ಘನತೆಯನ್ನು ಕಾಯುತ್ತದೆ, ಮೌನ ಅದನ್ನು ಸವೆಸುತ್ತದೆ. ಹೊರನೋಟಕ್ಕೆ ಎರಡೂ ಒಂದೇ ರೀತಿ ಕಾಣುವುದರಿಂದ ಎರಡನೆಯದನ್ನೂ ನಾವು ಲಜ್ಜೆಯೆಂದೇ ಕರೆದು ನೆಮ್ಮದಿಯಿಂದಿದ್ದೇವೆ.

ಇಂಗ್ಲೆಂಡಿನ ತತ್ವಶಾಸ್ತ್ರಜ್ಞೆ ಮಿರಾಂಡಾ ಫ್ರಿಕರ್ 2007ರಲ್ಲಿ ಪ್ರಕಟಿಸಿದ ಕೃತಿಯೊಂದರಲ್ಲಿ ಅರಿವಿಗೆ ಸಂಬಂಧಿಸಿದ ಅನ್ಯಾಯದ ಎರಡು ಬಗೆಗಳನ್ನು ವಿವರಿಸುತ್ತಾರೆ. ಒಬ್ಬರು ಹೇಳಿದ ಮಾತನ್ನು, ಅವರು ಇಂಥವರು ಎಂಬ ಕಾರಣಕ್ಕಾಗಿಯೇ ನಂಬದಿರುವುದು ಮೊದಲನೆಯದು. ಒಬ್ಬರಿಗೆ ತಮ್ಮ ಅನುಭವವನ್ನು ಹೇಳಿಕೊಳ್ಳಲು, ಅಷ್ಟೇಕೆ, ತಾವೇ ಅರ್ಥಮಾಡಿಕೊಳ್ಳಲು ಬೇಕಾದ ಪದಗಳೇ ಸಮಾಜದಲ್ಲಿ ಇಲ್ಲದಿರುವುದು ಎರಡನೆಯದು. ಫ್ರಿಕರ್ ಕೊಡುವ ಉದಾಹರಣೆ ಲೈಂಗಿಕ ಕಿರುಕುಳದ್ದು. 1970ರ ದಶಕದಲ್ಲಿ ಅಮೆರಿಕದ ಮಹಿಳೆಯರು ಆ ಪದವನ್ನು ರೂಪಿಸಿಕೊಳ್ಳುವವರೆಗೆ, ಕೆಲಸದ ಜಾಗದಲ್ಲಿ ತಮಗಾಗುತ್ತಿದ್ದುದು ಏನೆಂದು ದೂರು ಬರೆಯಲೂ ಅವರಿಗೆ ಸಾಧ್ಯವಿರಲಿಲ್ಲ. ಕಿರುಕುಳ ಇತ್ತು, ಆದರೆ ಅದಕ್ಕೆ ಹೆಸರಿರಲಿಲ್ಲ.

ನಡುವಯಸ್ಸಿನ ಹೆಣ್ಣು ಈ ಎರಡೂ ಅನ್ಯಾಯಗಳನ್ನು ಒಟ್ಟಿಗೆ ಅನುಭವಿಸುತ್ತಾಳೆ. ಮೈಯೆಲ್ಲ ಬೆಂಕಿ ಎಂದರೆ ‘ನಿನಗೊಬ್ಬಳಿಗೇ ಸೆಕೆಯಾ?’ ಎಂಬ ಉತ್ತರ ಸಿಗುತ್ತದೆ. ಇನ್ನು ಹೆಸರಿನ ಮಾತು. ಪುರುಷರ ಲೈಂಗಿಕ ದೌರ್ಬಲ್ಯಕ್ಕೆ ವಯಾಗ್ರಾ ಎಂಬ ಮಾತ್ರೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1998ರಲ್ಲಿ. ಅದರ ಹೆಸರು ಕೆಲವೇ ದಿನಗಳಲ್ಲಿ ಜಗತ್ತಿಗೆಲ್ಲ ಗೊತ್ತಾಯಿತು, ನಮ್ಮ ಹಳ್ಳಿಯ ಜಗಲಿಯವರೆಗೂ ಬಂತು. ಮುಟ್ಟು ನಿಂತ ಹೆಣ್ಣಿನ ಜನನಾಂಗ ಮತ್ತು ಮೂತ್ರನಾಳದ ಎಲ್ಲ ತೊಂದರೆಗಳನ್ನೂ ಒಟ್ಟುಗೂಡಿಸಿ ಒಂದು ಹೆಸರು ಕೊಡಲು ವೈದ್ಯಕೀಯ ಸಂಘಟನೆಗಳು ಒಪ್ಪಿದ್ದು 2014ರಲ್ಲಿ. ಅದಕ್ಕೂ ಮೊದಲು ಬಳಕೆಯಲ್ಲಿದ್ದ ಪದ ‘ಕೃಶವಾಗುವುದು’, ‘ಸೊರಗುವುದು’ ಎಂಬ ಅರ್ಥದ್ದು. ಹದಿನಾರು ವರ್ಷಗಳ ಈ ಅಂತರ ಯಾರ ಸುಖದುಃಖ ಜಗತ್ತಿಗೆ ಮುಖ್ಯವೆಂಬುದನ್ನು ಹೇಳುತ್ತದೆ.

ಲಜ್ಜೆಯ ಹೆಸರಿನಲ್ಲಿ ಧರ್ಮವನ್ನು ಎಳೆದು ತರುವವರು ಧರ್ಮದ ಇತಿಹಾಸವನ್ನೂ ಸ್ವಲ್ಪ ನೋಡಬೇಕು. ಮದೀನಾದ ಅನ್ಸಾರಿ ಮಹಿಳೆಯರ ಬಗ್ಗೆ ಹಝ್ರತ್ ಆಯಿಶಾ(ರ) ಆಡಿದ ಮೆಚ್ಚುಗೆಯ ಮಾತು ಹದೀಸ್ ಗ್ರಂಥಗಳಲ್ಲಿ ದಾಖಲಾಗಿದೆ. ಧರ್ಮದ ವಿಷಯ ತಿಳಿದುಕೊಳ್ಳಲು ಅವರ ಲಜ್ಜೆ ಅಡ್ಡಿಯಾಗಲಿಲ್ಲ ಎಂಬುದು ಅದರ ಸಾರ. ಉಮ್ಮು ಸುಲೈಮ್(ರ) ಪ್ರವಾದಿ(ಸ)ಯವರ ಬಳಿ ಬಂದು ಹೆಣ್ಣಿನ ಸ್ವಪ್ನಸ್ಖಲನದ ಬಗ್ಗೆ ಕೇಳಿದರು. ಅವರಿಗೆ ಉತ್ತರ ಸಿಕ್ಕಿತು, ಗದರಿಕೆಯಲ್ಲ. ಮುಟ್ಟಿನ ನಿರೀಕ್ಷೆ ಮುಗಿದ ಸ್ತ್ರೀಯ ಇದ್ದತ್ ಎಷ್ಟು ಎಂಬುದನ್ನು ಕುರ್‌ಆನ್ ನೇರವಾಗಿ ತಿಳಿಸುತ್ತದೆ. ಪತಿ-ಪತ್ನಿಯರನ್ನು ಅದು ಪರಸ್ಪರರ ಉಡುಪಿಗೆ ಹೋಲಿಸುತ್ತದೆ. ಉಡುಪು ಮೈಯ ಕೊರತೆಯನ್ನು ಹೊರಗಿನವರಿಂದ ಮುಚ್ಚುತ್ತದೆ, ಆದರೆ ತನಗೆ ಆ ಮೈ ಗೊತ್ತೇ ಇಲ್ಲ ಎನ್ನುವುದಿಲ್ಲ. ಮೈಗೆ ಅತಿ ಹತ್ತಿರದಲ್ಲಿರುವುದು ಅದೇ.

ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ ರಕ್ತಸ್ರಾವದ ಲೆಕ್ಕ ತಪ್ಪುತ್ತದೆ. ಎರಡು ತಿಂಗಳು ಇಲ್ಲ, ಆಮೇಲೆ ಹದಿನೈದು ದಿನ ನಿಲ್ಲುವುದಿಲ್ಲ. ಆಗ ನಮಾಝಿನದ್ದೇನು, ರಮಝಾನಿನ ಉಪವಾಸದ್ದೇನು ಎಂಬ ಗೊಂದಲ ಮುಸ್ಲಿಮ್ ಮಹಿಳೆಯರಿಗೆ ಬಂದೇ ಬರುತ್ತದೆ. ಆ ಪ್ರಶ್ನೆಯನ್ನು ಹೇಗಾದರೂ ಮಾಡಿ, ಯಾರ ಮೂಲಕವಾದರೂ ಕೇಳಿ ತಿಳಿದುಕೊಳ್ಳುತ್ತಾರೆ. ಅಂದರೆ ಆರಾಧನೆಗಾಗಿ ನಾವು ದಿನಗಳನ್ನು ಎಣಿಸಬಲ್ಲೆವು. ಅದೇ ರಕ್ತಸ್ರಾವದಿಂದ ಆಕೆಗೆ ಎಷ್ಟು ರಕ್ತಹೀನತೆಯಾಗಿದೆ, ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತಿದೆಯೇ ಎಂದು ಕೇಳಲು ಮಾತ್ರ ನಮಗೆ ನಾಚಿಕೆ. ಇದು ಧರ್ಮ ಕಲಿಸಿದ ಲಜ್ಜೆಯಲ್ಲ. ಇತರ ಸಮುದಾಯಗಳ ಕತೆಯೂ ಬೇರೆಯಲ್ಲ. ಮೂರು ದಿನ ಹೊರಗೆ ಕೂರಿಸುವ ನಿಯಮವನ್ನು ಬಿಡದೆ ಪಾಲಿಸಿದ ಮನೆಗಳಲ್ಲೂ ಆ ಮೂರು ದಿನಗಳು ಮುಗಿದುಹೋದ ಮೇಲಿನ ನೋವಿನ ಬಗ್ಗೆ ನಿಯಮವೂ ಇಲ್ಲ, ಮಾತೂ ಇಲ್ಲ.

ಈ ಮೌನಕ್ಕೆ ಬಡ ಹೆಂಗಸರು ತೆತ್ತ ಬೆಲೆಯನ್ನು ನೋಡಿದರೆ ಎದೆ ನಡುಗುತ್ತದೆ. 2015ರಲ್ಲಿ ನಮ್ಮದೇ ಕಲಬುರಗಿ ಜಿಲ್ಲೆಯ ತಾಂಡಾ ಮತ್ತು ಹಳ್ಳಿಗಳಲ್ಲಿ ಲಂಬಾಣಿ ಹಾಗೂ ದಲಿತ ಮಹಿಳೆಯರ ಗರ್ಭಕೋಶಗಳನ್ನು ದೊಡ್ಡ ಸಂಖ್ಯೆಯಲ್ಲಿ ತೆಗೆದುಹಾಕಿದ ಪ್ರಕರಣ ಬಯಲಾಯಿತು. ಬಿಳಿಸೆರಗು, ಹೊಟ್ಟೆನೋವು, ಹೆಚ್ಚು ರಕ್ತಸ್ರಾವ ಎಂದು ಖಾಸಗಿ ಆಸ್ಪತ್ರೆಗೆ ಹೋದವರು ಗರ್ಭಕೋಶ ಕಳೆದುಕೊಂಡು ಬಂದಿದ್ದರು. 2019ರಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಮಹಿಳೆಯರ ಸ್ಥಿತಿ ದೇಶದ ಗಮನಕ್ಕೆ ಬಂತು. ಅಲ್ಲಿ ಸುಮಾರು 82 ಸಾವಿರ ಮಹಿಳೆಯರ ಸಮೀಕ್ಷೆ ನಡೆಸಿದಾಗ 13 ಸಾವಿರಕ್ಕೂ ಹೆಚ್ಚು ಮಂದಿ ಗರ್ಭಕೋಶ ತೆಗೆಸಿಕೊಂಡಿರುವುದು ಕಂಡುಬಂತು. ಮುಟ್ಟಿನ ದಿನ ರಜೆ ಹಾಕಿದರೆ ಕೂಲಿ ಹೋಗುತ್ತದೆ, ಮೇಲೆ ದಂಡ ಬೇರೆ. ಗರ್ಭಕೋಶವೇ ಇಲ್ಲದಿದ್ದರೆ ಆ ತಾಪತ್ರಯವೇ ಇಲ್ಲ! 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ನೂರಕ್ಕೆ ಮೂವರು ಈ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದಾರೆ. ಆಂಧ್ರಪ್ರದೇಶ, ತೆಲಂಗಾಣಗಳಲ್ಲಿ ಈ ಪ್ರಮಾಣ ಶೇ. 8ಕ್ಕೂ ಹೆಚ್ಚು. ಇಂತಹ ಶಸ್ತ್ರಚಿಕಿತ್ಸೆಗಳ ಮೂರನೇ ಎರಡು ಪಾಲಿನಷ್ಟು ನಡೆದಿರುವುದು ಖಾಸಗಿ ಆಸ್ಪತ್ರೆಗಳಲ್ಲಿ.

ಗರ್ಭಕೋಶದ ಜೊತೆಗೆ ಅಂಡಾಶಯಗಳನ್ನೂ ತೆಗೆದರೆ ಆ ಹೆಣ್ಣಿಗೆ ಮುಟ್ಟು ನಿಲ್ಲುವ ಎಲ್ಲ ತೊಂದರೆಗಳೂ ಒಂದೇ ದಿನದಲ್ಲಿ ಮೈಮೇಲೆ ಬೀಳುತ್ತವೆ. ಪ್ರಕೃತಿ ಹಲವು ವರ್ಷಗಳಲ್ಲಿ ಮೆಲ್ಲಗೆ ಇಳಿಸುವುದನ್ನು ಕತ್ತರಿ ಒಂದು ಗಂಟೆಯಲ್ಲಿ ಮಾಡಿಬಿಡುತ್ತದೆ. ಮೂಳೆ ಬೇಗ ಸವೆಯುತ್ತದೆ, ಹೃದಯದ ಅಪಾಯ ಹೆಚ್ಚುತ್ತದೆ. ಅಂಡಾಶಯ ಉಳಿಸಿದರೂ ಅದು ಮಾಮೂಲಿಗಿಂತ ಬೇಗ ದಣಿಯುವ ಸಂಭವವಿದೆ. ಕೆಲವು ಸಲ ಈ ಶಸ್ತ್ರಚಿಕಿತ್ಸೆ ಪ್ರಾಣ ಉಳಿಸುತ್ತದೆ ಎಂಬುದೂ ನಿಜ. ಆದರೆ ‘ಮಕ್ಕಳಾಯಿತಲ್ಲ, ಇನ್ನು ಅದು ಯಾಕೆ? ಇಟ್ಟುಕೊಂಡರೆ ಕ್ಯಾನ್ಸರ್ ಬಂದೀತು’ ಎಂಬ ಒಂದು ಮಾತಿಗೆ ಹೆಂಗಸು ಒಪ್ಪುವುದೇಕೆ? ತನ್ನ ದೇಹದ ಬಗ್ಗೆ ಆಕೆಗೆ ಯಾರೂ ಏನೂ ಹೇಳಿಲ್ಲ. ಮೊದಲ ಬಾರಿಗೆ ಮಾತನಾಡಿದವರು ಕತ್ತರಿ ಹಿಡಿದವರು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದರ ವಿರುದ್ಧ 2013ರಲ್ಲಿ ಸಲ್ಲಿಕೆಯಾದ ಅರ್ಜಿಯೊಂದರ ಮೇಲೆ ಸುಪ್ರೀಮ್ ಕೋರ್ಟ್ 2023ರ ಎಪ್ರಿಲ್‌ನಲ್ಲಿ ತೀರ್ಪು ನೀಡಿತು. ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ರಾಜ್ಯಗಳಿಗೆ ಆದೇಶಿಸಿತು. ಆದೇಶ ಒಳ್ಳೆಯದು. ಆದರೆ ಅನುಮಾನಿಸುವ, ಪ್ರಶ್ನಿಸುವ ಹೆಣ್ಣನ್ನು ತೀರ್ಪೊಂದು ತಯಾರಿಸಲಾರದು. ಅದು ಮನೆಯಲ್ಲಿ ಆಗಬೇಕಾದ ಕೆಲಸ.

ಇಲ್ಲಿ ಇನ್ನೊಂದು ಆಕ್ಷೇಪವನ್ನೂ ಎದುರಿಸಬೇಕು. ವಯಸ್ಸಾಗುವುದು ಸಹಜ, ಅದನ್ನೇ ರೋಗವೆಂದು ಬಿಂಬಿಸಿ ಔಷಧಿ ಮಾರುವವರ ಬಲೆಗೆ ನಮ್ಮ ತಾಯಂದಿರನ್ನು ಏಕೆ ತಳ್ಳಬೇಕು ಎಂದು ಕೆಲವರು ಕೇಳುತ್ತಾರೆ. ಈ ಭಯ ಆಧಾರವಿಲ್ಲದ್ದಲ್ಲ. 1966ರಲ್ಲಿ ಅಮೆರಿಕದ ವೈದ್ಯ ರಾಬರ್ಟ್ ವಿಲ್ಸನ್ ಒಂದು ಪುಸ್ತಕ ಬರೆದು, ಮುಟ್ಟು ನಿಲ್ಲುವುದು ಒಂದು ಕೊರತೆಯ ಕಾಯಿಲೆ, ಈಸ್ಟ್ರೋಜೆನ್ ಸೇವಿಸಿದರೆ ಹೆಣ್ಣು ಸದಾ ಹೆಣ್ಣಾಗಿಯೇ ಉಳಿಯಬಹುದು ಎಂದು ಸಾರಿದರು. ಮಾತ್ರೆ ಸೇವಿಸದವಳು ಹೆಣ್ಣೇ ಅಲ್ಲವೆಂಬಂತೆ ಬರೆದ ಆ ವೈದ್ಯರಿಗೆ ಔಷಧ ಕಂಪೆನಿಯ ಹಣ ಸಂದಿತ್ತೆಂಬುದು ಮುಂದೆ ತಿಳಿಯಿತು. ಬರೀ ಈಸ್ಟ್ರೋಜೆನ್ ಸೇವಿಸಿದವರಲ್ಲಿ ಗರ್ಭಕೋಶದ ಕ್ಯಾನ್ಸರ್ ಹೆಚ್ಚುತ್ತದೆ ಎಂಬುದು 1975ರಲ್ಲಿ ಬೆಳಕಿಗೆ ಬಂತು. ಆಮೇಲೆ 2002ರಲ್ಲಿ ಇದಕ್ಕೆ ತದ್ವಿರುದ್ಧವಾದುದು ನಡೆಯಿತು. ಎರಡು ಹಾರ್ಮೋನುಗಳನ್ನು ಜೊತೆಯಾಗಿ ಕೊಟ್ಟು 16,608 ಮಹಿಳೆಯರ ಮೇಲೆ ನಡೆಸುತ್ತಿದ್ದ ದೊಡ್ಡ ಪರೀಕ್ಷೆಯನ್ನು ಸ್ತನ ಕ್ಯಾನ್ಸರ್ ಮತ್ತು ಹೃದಯದ ಅಪಾಯದ ಕಾರಣದಿಂದ ಅರ್ಧಕ್ಕೇ ನಿಲ್ಲಿಸಲಾಯಿತು. ಜಗತ್ತಿನಾದ್ಯಂತ ಭೀತಿ ಹರಡಿ ಲಕ್ಷಾಂತರ ಮಹಿಳೆಯರು ಚಿಕಿತ್ಸೆಯನ್ನೇ ಬಿಟ್ಟರು. ಸ್ತನ ಕ್ಯಾನ್ಸರಿನ ಹೆಚ್ಚಳ ವರ್ಷಕ್ಕೆ ಹತ್ತು ಸಾವಿರ ಮಹಿಳೆಯರಲ್ಲಿ ಎಂಟು ಮಂದಿಯಷ್ಟು ಎಂಬುದು, ಪರೀಕ್ಷೆಗೊಳಗಾದವರ ಸರಾಸರಿ ವಯಸ್ಸು 63 ಎಂಬುದು ಆ ಗದ್ದಲದಲ್ಲಿ ಕೇಳಿಸಲಿಲ್ಲ. ಅರುವತ್ತರೊಳಗಿನ, ಮುಟ್ಟು ನಿಂತು ಹತ್ತು ವರ್ಷ ಮೀರದ, ತೀವ್ರ ತೊಂದರೆಯಿರುವ ಆರೋಗ್ಯವಂತ ಮಹಿಳೆಯರಲ್ಲಿ ಹೆಚ್ಚಿನವರಿಗೆ ಅಪಾಯಕ್ಕಿಂತ ಪ್ರಯೋಜನವೇ ಹೆಚ್ಚು ಎಂಬುದು ಇಂದಿನ ವೈದ್ಯಕೀಯದ ನಿಲುವು. ಸ್ತನ ಕ್ಯಾನ್ಸರ್ ಆದವರಿಗೆ, ರಕ್ತ ಹೆಪ್ಪುಗಟ್ಟುವ ತೊಂದರೆಯಿರುವವರಿಗೆ ಅದು ಹೊಂದುವುದಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಈ ಔಷಧಿಗಳ ಮೇಲಿನ ಕಟ್ಟುನಿಟ್ಟಿನ ಎಚ್ಚರಿಕೆಯ ಬಹುಪಾಲನ್ನು ತೆಗೆಯುವುದಾಗಿ 2025ರ ನವೆಂಬರ್‌ನಲ್ಲಿ ಪ್ರಕಟಿಸಿತು.

ಈ ಇತಿಹಾಸದಿಂದ ನಾವು ಕಲಿಯಬೇಕಾದುದೇನು? ಔಷಧಿ ಬೇಕೇ ಬೇಕು ಎಂದೂ ಅಲ್ಲ, ಬೇಡವೇ ಬೇಡ ಎಂದೂ ಅಲ್ಲ. ಒಮ್ಮೆ ಆಸೆ ತೋರಿಸಿ, ಇನ್ನೊಮ್ಮೆ ಭಯ ಹುಟ್ಟಿಸಿ ಹೆಣ್ಣಿನ ಪರವಾಗಿ ಇತರರೇ ನಿರ್ಧರಿಸುತ್ತ ಬಂದರು ಎಂಬುದು. ಸಹಜವಾದುದೆಲ್ಲವನ್ನೂ ಸಹಿಸಲೇಬೇಕೆಂದಿಲ್ಲ. ಹೆರಿಗೆ ಸಹಜ, ಆದರೂ ಸೂಲಗಿತ್ತಿ ಬೇಡವೆಂದು ನಮ್ಮ ಹಿರಿಯರು ಹೇಳಲಿಲ್ಲ. ವಯಸ್ಸಾದಾಗ ಕಣ್ಣು ಮಂಜಾಗುವುದು ಸಹಜ, ಆದರೂ ನಾವು ಕನ್ನಡಕ ಹಾಕಿಕೊಳ್ಳುತ್ತೇವೆ. ಹೆಣ್ಣಿನ ಈ ಒಂದು ನೋವಿಗೆ ಮಾತ್ರ ‘ಸಹಜ’ ಎಂಬ ಪದವನ್ನು ಬಾಯಿ ಮುಚ್ಚಿಸಲು ಬಳಸುವುದು ನ್ಯಾಯವೇ?

ಹಾಗೆಂದು ಎಲ್ಲವನ್ನೂ ಹಾರ್ಮೋನಿನ ತಲೆಗೆ ಕಟ್ಟುವಂತೆಯೂ ಇಲ್ಲ. 1975ರಲ್ಲಿ ಮಾರ್ಷಾ ಫ್ಲಿಂಟ್ ಎಂಬ ಮಾನವಶಾಸ್ತ್ರಜ್ಞೆ ರಾಜಸ್ಥಾನ ಮತ್ತು ಹಿಮಾಚಲ ಪ್ರದೇಶದ ರಜಪೂತ ಮಹಿಳೆಯರ ಬಗ್ಗೆ ಒಂದು ಲೇಖನ ಬರೆದರು. ಅವರು ಮಾತನಾಡಿಸಿದ ನೂರಾರು ಮಹಿಳೆಯರಲ್ಲಿ ಹೆಚ್ಚಿನವರು ಮುಟ್ಟು ನಿಂತದ್ದರ ಹೊರತು ಬೇರೆ ತೊಂದರೆಯನ್ನೇ ಹೇಳಲಿಲ್ಲ. ಮುಟ್ಟು ನಿಂತ ಮೇಲೆ ಅವರ ಮೇಲಿನ ನಿರ್ಬಂಧಗಳು ಸಡಿಲವಾಗುತ್ತಿದ್ದವು, ಗಂಡಸರು ಕೂತಲ್ಲಿಗೆ ಬಂದು ಮಾತನಾಡುವ ಅಧಿಕಾರ ಸಿಗುತ್ತಿತ್ತು. ವಯಸ್ಸು ಅವರಿಗೆ ಬಹುಮಾನವಾಗಿ ಬಂದಿತ್ತು. ಜಪಾನಿನ ಮಹಿಳೆಯರೂ ಮೈಬಿಸಿಯ ತೊಂದರೆಯನ್ನು ಅಮೆರಿಕದವರಿಗಿಂತ ಕಡಿಮೆ ಹೇಳುತ್ತಾರೆಂದು ಮಾರ್ಗರೆಟ್ ಲಾಕ್ 1993ರಲ್ಲಿ ಬರೆದರು. ಹೇಳದಿರುವುದೆಂದರೆ ಇಲ್ಲದಿರುವುದು ಎಂದು ಅರ್ಥವಲ್ಲ, ಆ ಎಚ್ಚರ ನಮಗಿರಬೇಕು. ಆದರೂ ಒಂದು ಮಾತು ಸತ್ಯ. ದೇಹ ಕೊಡುವ ನೋವು ಒಂದು, ಅದಕ್ಕೆ ಸಮಾಜ ಸೇರಿಸುವ ನೋವು ಇನ್ನೊಂದು. ಮೊದಲನೆಯದಕ್ಕೆ ವೈದ್ಯರಿದ್ದಾರೆ. ಎರಡನೆಯದು ನಮ್ಮ ಕೈಯಲ್ಲಿದೆ.

ಸಮಾಜ ಸೇರಿಸುವ ಆ ನೋವಿನ ಬೇರು ಒಂದು ನಂಬಿಕೆಯಲ್ಲಿದೆ. ಹೆಣ್ಣಿನ ಬೆಲೆ ಆಕೆ ಹೆರುವುದರಲ್ಲಿದೆ, ಅದು ಮುಗಿದರೆ ಆಕೆಯ ಕಾಲ ಮುಗಿಯಿತು ಎಂಬ ನಂಬಿಕೆ. ಇದಕ್ಕೆ ಉತ್ತರವಾಗಿ ಕೆಲವರು ವಿಜ್ಞಾನವನ್ನು ತೋರಿಸುತ್ತಾರೆ. ಸಸ್ತನಿಗಳಲ್ಲಿ ಸಂತಾನಶಕ್ತಿ ಮುಗಿದ ಮೇಲೂ ದೀರ್ಘಕಾಲ ಬದುಕುವ ಹೆಣ್ಣುಗಳು ಬಹಳ ಅಪರೂಪ. ಮನುಷ್ಯರನ್ನು ಬಿಟ್ಟರೆ ಕೆಲವು ಜಾತಿಯ ಹಲ್ಲುಳ್ಳ ತಿಮಿಂಗಿಲಗಳಲ್ಲಿ ಅದು ಸ್ಪಷ್ಟವಾಗಿ ಕಂಡುಬಂದಿದೆ. ತಾಂಜಾನಿಯಾದ ಹಡ್ಜಾ ಜನರಲ್ಲಿ ವಯಸ್ಸಾದ ಹೆಂಗಸರು ಗೆಡ್ಡೆಗೆಣಸು ಅಗೆದು ತಂದು ಮೊಮ್ಮಕ್ಕಳ ಹೊಟ್ಟೆ ತುಂಬಿಸುವುದನ್ನು ಕಂಡ ಕ್ರಿಸ್ಟನ್ ಹಾಕ್ಸ್ ಮತ್ತು ಅವರ ಸಂಗಡಿಗರು, ಅಜ್ಜಿಯರ ನೆರವಿನಿಂದಲೇ ಮನುಷ್ಯಕುಲದ ಆಯುಸ್ಸು ಬೆಳೆಯಿತು ಎಂಬ ವಾದವನ್ನು 1990ರ ದಶಕದಲ್ಲಿ ಮುಂದಿಟ್ಟರು. ಕೇಳಲು ಇದು ಹಿತವಾಗಿದೆ. ನಮ್ಮ ಅಜ್ಜಿಯರನ್ನು ಕಂಡವರಿಗೆ ಇದು ಸುಳ್ಳೆನಿಸುವುದೂ ಇಲ್ಲ.

ಆದರೆ ಈ ಹೊಗಳಿಕೆಯನ್ನು ನಾವು ಎಚ್ಚರದಿಂದ ಸ್ವೀಕರಿಸಬೇಕು. ಹೆರುವುದರಿಂದ ಬೆಲೆ ಎಂದವರು ಈಗ ಮೊಮ್ಮಕ್ಕಳನ್ನು ನೋಡಿಕೊಳ್ಳುವುದರಿಂದ ಬೆಲೆ ಎನ್ನುತ್ತಿದ್ದಾರೆ. ಎರಡರಲ್ಲೂ ಹೆಣ್ಣು ಉಪಯೋಗದ ವಸ್ತುವೇ. ಹಾಗಾದರೆ ಮೊಮ್ಮಕ್ಕಳಿಲ್ಲದವಳ ಗತಿಯೇನು, ಹಾಸಿಗೆ ಹಿಡಿದವಳ ಗತಿಯೇನು? ಉಗಾಂಡದ ನ್ಗೋಗೊ ಎಂಬಲ್ಲಿನ ಚಿಂಪಾಂಜಿಗಳಲ್ಲೂ ಮುಟ್ಟು ನಿಂತ ಮೇಲೆ ಬದುಕುವ ಹೆಣ್ಣುಗಳಿವೆ ಎಂದು 2023ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು. ಆ ಚಿಂಪಾಂಜಿಗಳಲ್ಲಿ ಹೆಣ್ಣುಮಕ್ಕಳು ಬೆಳೆದ ಮೇಲೆ ಸಾಮಾನ್ಯವಾಗಿ ಬೇರೆ ಗುಂಪಿಗೆ ಹೋಗಿಬಿಡುತ್ತವೆ. ಮಗಳ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಆ ಮುದಿ ತಾಯಿಗಿಲ್ಲ. ಆದರೂ ಅದು ಬದುಕುತ್ತದೆ. ಪ್ರಾಣಿಯನ್ನು ನೋಡಿ ನೀತಿ ಕಲಿಯಬೇಕಾಗಿಲ್ಲ, ಆದರೆ ಯಾವ ಬದುಕಿಗೂ ಉಪಯೋಗದ ಪ್ರಮಾಣಪತ್ರ ಬೇಕಿಲ್ಲ ಎಂಬುದನ್ನು ನೆನಪಿಡಬಹುದು. ಭಾರತದ ಹೆಣ್ಣು ಮುಟ್ಟು ನಿಂತ ಮೇಲೆ ಕಾಲು ಶತಮಾನದಷ್ಟು ಬದುಕುತ್ತಾಳೆ. ಇದು ಆಕೆಯ ಬದುಕಿನ ಬಾಲವಲ್ಲ, ಮೂರರಲ್ಲೊಂದು ಭಾಗ. ಅದು ಮೊದಲು ಆಕೆಗೇ ಸೇರಿದ್ದು.

ಈ ನಂಬಿಕೆಯೇ ಆಕೆಯ ಬಯಕೆಯ ಪ್ರಶ್ನೆಯನ್ನೂ ಮುಚ್ಚಿಹಾಕಿದೆ. ಅರುವತ್ತರ ಗಂಡಸು ಎರಡನೆಯ ಮದುವೆಯಾದರೆ ‘ಅವನಿಗೂ ಒಬ್ಬರು ಬೇಡವೇ’ ಎನ್ನುವ ನಾವು, ಐವತ್ತರ ಹೆಣ್ಣು ಗಂಡನ ಪಕ್ಕದಲ್ಲಿ ಕೂತು ನಕ್ಕರೆ ‘ಮೊಮ್ಮಕ್ಕಳನ್ನು ಕಂಡ ಮೇಲೆ ಇದೆಲ್ಲ ಯಾಕೆ’ ಎನ್ನುತ್ತೇವೆ. ದಾಂಪತ್ಯದ ಸುಖ ಮಕ್ಕಳನ್ನು ಪಡೆಯುವುದಕ್ಕಾಗಿ ಮಾತ್ರ ಎಂದಾಗಿದ್ದರೆ ಆ ವಾದಕ್ಕೊಂದು ಅರ್ಥವಿರುತ್ತಿತ್ತು. ಆದರೆ ಅದು ಸಾಂತ್ವನವೂ ಹೌದು, ಸಂಗಾತವೂ ಹೌದು. ಅದು ಬೇಕೆನಿಸುವ ಹೆಣ್ಣಿಗೆ ನೋವಿಲ್ಲದೆ ಅದನ್ನು ಪಡೆಯುವ ಹಕ್ಕಿದೆ. ಬೇಡವೆನಿಸುವ ಹೆಣ್ಣಿಗೆ ಅಪರಾಧಿ ಭಾವವಿಲ್ಲದೆ ಬೇಡವೆನ್ನುವ ಹಕ್ಕೂ ಅಷ್ಟೇ ಇದೆ. ಎರಡಕ್ಕೂ ಮೊದಲು ಆಕೆ ಬಾಯಿಬಿಟ್ಟು ಹೇಳಬಹುದಾದ ಒಂದು ಕೋಣೆ ಬೇಕು.

ಆ ಕೋಣೆಯನ್ನು ಕಟ್ಟಿಕೊಡುವ ಹೊಣೆ ಯಾರದ್ದು? ಹೇಳಬೇಕಾದವಳು ಹೆಣ್ಣು, ಆಕೆಯೇ ಧೈರ್ಯ ಮಾಡಲಿ ಎಂದು ಬಿಡುವುದು ಸುಲಭ. ಆದರೆ ಮೌನದ ಬೀಗದ ಕೈ ಕೇಳುವವರ ಬಳಿ ಇದೆ ಎಂದಾದರೆ ಹೊಣೆಯೂ ಅವರದ್ದೇ. ಗಂಡನಾದವನು ಕೇಳಬೇಕು: ‘ನಿನಗೆ ನೋವಾಗುತ್ತಿದೆಯೇ?’ ಇಷ್ಟು ವರ್ಷ ಕೇಳದಿದ್ದರೂ ಇಂದು ಕೇಳಬಹುದು. ಉತ್ತರ ಬಂದಾಗ ಅದನ್ನು ತನ್ನ ಪುರುಷತ್ವಕ್ಕೆ ಆದ ಅವಮಾನವೆಂದು ತಿಳಿಯಬಾರದು. ಬೆಳೆದ ಮಕ್ಕಳು ತಾಯಿಯ ಸಿಡುಕಿನ ಹಿಂದೆ ಎಷ್ಟು ರಾತ್ರಿಗಳ ನಿದ್ದೆಗೇಡಿದೆ ಎಂದು ಯೋಚಿಸಬೇಕು. ವೈದ್ಯರು ಪರದೆಯಿಲ್ಲದ ಕೋಣೆಯಲ್ಲಿ, ಸರದಿಯಲ್ಲಿ ನಿಂತ ಮೂರು ಜನರ ಮುಂದೆ ‘ಏನಮ್ಮಾ ತೊಂದರೆ?’ ಎಂದು ಕೇಳಿ, ಆಕೆ ‘ಸುಸ್ತು’ ಎಂದಾಗ ಶಕ್ತಿಯ ಮಾತ್ರೆ ಬರೆದು ಕಳುಹಿಸಬಾರದು. ಪ್ರವಚನ ನೀಡುವವರು, ಮಹಿಳಾ ಸಂಘಗಳನ್ನು ನಡೆಸುವವರು ಹದಿಹರೆಯದ ಹುಡುಗಿಯರಿಗೆ ಮುಟ್ಟಿನ ಬಗ್ಗೆ ತಿಳಿಹೇಳುವಂತೆಯೇ ಅವರ ತಾಯಂದಿರಿಗೂ ಒಂದು ದಿನ ಮೀಸಲಿಡಬೇಕು.

ಹೆಣ್ಣಿಗೂ ಒಂದು ಮಾತಿದೆ. ವರ್ಷವಿಡೀ ನಿಂತಿದ್ದ ಮುಟ್ಟು ಮತ್ತೆ ಕಾಣಿಸಿಕೊಂಡರೆ, ಒಂದು ಹನಿಯಾದರೂ ಸರಿ, ‘ಮತ್ತೆ ಶುರುವಾಯಿತು’ ಎಂದು ಸುಮ್ಮನಿರಬಾರದು. ಅದು ಗರ್ಭಕೋಶದ ಕ್ಯಾನ್ಸರಿನ ಸೂಚನೆಯಾಗಿರಬಹುದು, ತಡಮಾಡದೆ ವೈದ್ಯರಿಗೆ ತೋರಿಸಬೇಕು. ಮುಟ್ಟು ಏರುಪೇರಾದ ಕೂಡಲೇ ಗರ್ಭ ನಿಲ್ಲುವ ಸಾಧ್ಯತೆ ಮುಗಿಯಿತೆಂದೂ ತಿಳಿಯಬಾರದು. ಮೂಳೆಗಾಗಿ ನಡಿಗೆ ಬೇಕು, ಬಿಸಿಲು ಬೇಕು, ಹಾಲು-ರಾಗಿ-ಸೊಪ್ಪು ಬೇಕು. ಎಲ್ಲರಿಗೂ ಬಡಿಸಿ ಉಳಿದದ್ದನ್ನು ತಿನ್ನುವ ಅಭ್ಯಾಸವನ್ನು ಈ ವಯಸ್ಸಿನಲ್ಲಾದರೂ ಬಿಡಬೇಕು. ಮತ್ತೆ, ತನಗಿಂತ ಹತ್ತು ವರ್ಷ ಚಿಕ್ಕವಳಾದ ತಂಗಿಗೆ, ನಾದಿನಿಗೆ, ಸೊಸೆಗೆ ಮುಂದೇನು ಬರಲಿದೆ ಎಂದು ಹೇಳಿಡಬೇಕು. ಹೇಳುವ ಪದಗಳು ಒರಟಾಗಿದ್ದರೂ ಪರವಾಗಿಲ್ಲ. ಬಳಸುತ್ತ ಬಳಸುತ್ತ ಪದಗಳು ನಯವಾಗುತ್ತವೆ.

ಲಜ್ಜೆ ಒಂದು ಸದ್ಗುಣ. ಅದು ಪರರ ನೋವನ್ನು ಆಡಿಕೊಳ್ಳದಂತೆ ನಮ್ಮ ನಾಲಿಗೆಯನ್ನು ತಡೆಯಬೇಕು, ಪರರ ಖಾಸಗಿತನಕ್ಕೆ ಇಣುಕದಂತೆ ನಮ್ಮ ಕಣ್ಣನ್ನು ತಡೆಯಬೇಕು. ನೋವಿನಲ್ಲಿರುವವಳ ಬಾಯಿಗೆ ಕಟ್ಟುವ ಬಟ್ಟೆಯಾಗಿ ಅದನ್ನು ಬಳಸಿದರೆ ಅದು ಲಜ್ಜೆಯಾಗಿ ಉಳಿಯುವುದಿಲ್ಲ, ನಿರ್ಲಕ್ಷ್ಯವಾಗುತ್ತದೆ. ಮನೆಯ ದೀಪವನ್ನು ಅಷ್ಟು ವರ್ಷ ಉರಿಸಿದವಳು ಈಗ ತಾನೇ ಬೇಯುತ್ತಿದ್ದಾಳೆ ಎಂದಾದರೆ, ಕಿಟಕಿ ತೆರೆಯಲು ಆಕೆ ಕೇಳುವವರೆಗೂ ಕಾಯಬೇಕೇ ಎಂಬುದನ್ನು ಪ್ರತಿಯೊಬ್ಬರೂ ತಮ್ಮ ತಮ್ಮ ಮನೆಯಲ್ಲಿ ಕೂತು ಯೋಚಿಸಬೇಕಾಗಿದೆ.